ಬಂಡಿ ಮೇಲೆ ಡಿಶ್ ತಿರುಗಿಸುತ್ತಿದ್ದವರು

"ನೆರಳು ಬೇಕಾ, ಟಿವಿ ಬೇಕಾ? ಎರಡ್ರಲ್ಲಿ ಒಂದು ಹೇಳಿ ಸಾರ್."

ಹೊಸ ಕ್ಯಾರವಾನ್ ತೆಗೆದುಕೊಂಡು ಹೋಗಲು ಬಂದ ಗಿರಾಕಿಗಳನ್ನು ಅವರು ಮೊದಲು ಕೇಳುತ್ತಿದ್ದುದು ಇದನ್ನೇ. ವ್ಯಾನಿನೊಳಗೆ ಮಂಚ, ಒಲೆ, ಫ್ರಿಜ್ಜು, ಕಕ್ಕಸು ಎಲ್ಲ ಕೂರಿಸಿಕೊಂಡು ಮನೆಯನ್ನೇ ಓಡಿಸಿಕೊಂಡು ಹೊರಟ ಜನಕ್ಕೆ ಈ ಪ್ರಶ್ನೆ ಅವಮಾನದ ಹಾಗೆ ಕೇಳಿಸುತ್ತಿತ್ತು. ಎರಡೂ ಬೇಕು ಅನ್ನುತ್ತಿದ್ದರು. "ಎರಡೂ ಸಿಗಲ್ಲ. ಮರದ ಕೆಳಗೆ ನಿಲ್ಸಿದ್ರೆ ಬಂಡಿ ತಣ್ಣಗಿರುತ್ತೆ, ಟಿವಿ ಚೂರುಚೂರಾಗುತ್ತೆ. ಬಿಸ್ಲಲ್ಲಿ ನಿಲ್ಸಿದ್ರೆ ಟಿವಿ ಚೆನ್ನಾಗಿ ಬರುತ್ತೆ, ನೀವು ಬೇಯ್ತೀರಾ. ಮನೆಯೋರ್ನ ಕೇಳ್ಕೊಂಡು ಬನ್ನಿ, ಅವಸರ ಇಲ್ಲ" ಅಂತ ಹೇಳಿ ಬೀಡಿ ಹಚ್ಚುತ್ತಿದ್ದರು. ನಮ್ಮ ಓನರ್ ದೂರದಲ್ಲಿ ನಿಂತು ಹಲ್ಲು ಕಡಿಯುತ್ತಿದ್ದರು.

ಹೊಸಕೋಟೆ ದಾಟಿದ ಮೇಲೆ ಓಲ್ಡ್ ಮದ್ರಾಸ್ ರೋಡಿನ ಪಕ್ಕ ನಮ್ಮ ಶೆಡ್ಡು. ಮೊದಲು ಸ್ಕೂಲ್ ಬಸ್ಸು, ಹಾಲಿನ ವ್ಯಾನುಗಳಿಗೆ ಬಾಡಿ ಕಟ್ಟುತ್ತಿದ್ದೆವು. ಈಚೆಗೆ ಕೆಲವು ವರ್ಷಗಳಿಂದ ಕ್ಯಾರವಾನ್ ಹುಚ್ಚು ಹಿಡಿದು ಅದೇ ಮುಖ್ಯ ಕೆಲಸವಾಗಿದೆ. ನಾನು ಅಲ್ಲಿ ವೈರ್‌ಮನ್. ಅವರು ಟಿವಿ ಕೂರಿಸುವವರು. ಶೆಡ್ಡಿನವರಿಗೆಲ್ಲ ಡಿಶ್ ಅಣ್ಣ. ಅವರ ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಯಾಕೆ ಅನ್ನುವುದು ಮುಂದೆ ಓದಿದರೆ ತಿಳಿಯುತ್ತದೆ. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

ಅವರ ಊರು ನಂದಗುಡಿ ಕಡೆ. ಶೆಡ್ಡಿಗೆ ಬರುವ ಮೊದಲು ಸುತ್ತಮುತ್ತಲ ಹಳ್ಳಿಗಳಲ್ಲಿ ಮನೆಗಳ ಮೇಲೆ ಡಿಶ್ ಕೂರಿಸುತ್ತಿದ್ದರು. ಆ ಕೆಲಸದಲ್ಲಿ ಅವರದೊಂದು ಒಳದಾರಿ ಇತ್ತು. ನಮ್ಮ ಕಡೆ ಮನೆ ಕಟ್ಟುವವರು ಅಡುಗೆಮನೆಯನ್ನು ಆಗ್ನೇಯ ಮೂಲೆಯಲ್ಲೇ ಇಡುತ್ತಾರೆ. ಡಿಶ್ ಮುಖ ಮಾಡಬೇಕಾದದ್ದೂ ಹೆಚ್ಚುಕಮ್ಮಿ ಆ ದಿಕ್ಕಿಗೇ. ಹಾಗಾಗಿ ದಿಕ್ಸೂಚಿ ಹಿಡಿದು ಒದ್ದಾಡುವ ಬದಲು ಮನೆಯೊಳಗೆ ಹೋಗಿ "ಅಮ್ಮಾ, ಒಲೆ ಎಲ್ಲಿದೆ?" ಅಂತ ಕೇಳುವುದು, ಮೇಲೆ ಹತ್ತಿ ಒಲೆಯ ಮೂಲೆಗೆ ಡಿಶ್ ತಿರುಗಿಸುವುದು. ಆಮೇಲೆ ಅರ್ಧ ಬೆರಳು ಆ ಕಡೆ, ಅರ್ಧ ಬೆರಳು ಈ ಕಡೆ. ಅಷ್ಟೇ. ಎಷ್ಟೋ ಹಳ್ಳಿಗಳಲ್ಲಿ ಹೆಂಗಸರು ಇವರು ಕಾಫಿ ಕೇಳಲು ಒಳಗೆ ಬಂದಿದ್ದಾರೆ ಅಂತ ತಿಳಿದು ಪಾತ್ರೆ ಇಟ್ಟುಬಿಡುತ್ತಿದ್ದರಂತೆ. ಇವರೂ ಕುಡಿಯದೆ ಬಿಟ್ಟವರಲ್ಲ.

ನಮ್ಮ ಶೆಡ್ಡಿನ ಮೊದಲ ಕ್ಯಾರವಾನ್‌ಗೂ ಅವರು ಹಾಗೇ ಮಾಡಿದರು. ಒಳಗೆ ಹೋಗಿ ಒಲೆ ಎಲ್ಲಿದೆ ನೋಡಿದರು, ಮೇಲೆ ಹತ್ತಿ ಒಲೆಯ ಮೂಲೆಗೆ ಡಿಶ್ ಇಟ್ಟು, ಅಲ್ಲಾಡದ ಹಾಗೆ ನಟ್ಟು ಬಿಗಿದರು. ವ್ಯಾನ್ ಅವತ್ತು ನಿಂತಿದ್ದ ದಿಕ್ಕು ಹೇಗೋ ಹೊಂದಿಕೊಂಡು ಚಿತ್ರ ಚೆನ್ನಾಗಿಯೇ ಬಂತು. ಗಿರಾಕಿ ಸಂತೋಷವಾಗಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಕೋಲಾರದ ಕಡೆ ಹೋದ. ಅಲ್ಲಿ ಯಾವುದೋ ಕೆರೆ ಏರಿಯ ಹತ್ತಿರ ನಿಲ್ಲಿಸಿ ಟಿವಿ ಹಾಕಿದರೆ ಏನೂ ಇಲ್ಲ. ಫೋನಿನಲ್ಲಿ ಉಗಿದ ಉಗಿತ ಸ್ಪೀಕರ್ ಹಾಕದೆಯೇ ನಮಗೆಲ್ಲ ಕೇಳಿಸಿತು. ಫೋನ್ ಇಟ್ಟ ಮೇಲೆ ಅವರು ನಮ್ಮ ಕಡೆ ತಿರುಗಿ, "ಒಲೆಗೆ ಚಕ್ರ ಇದೆ ಅಂತ ನಂಗೆ ಹೊಳೀಲೇ ಇಲ್ಲ ಕಣ್ರಪ್ಪಾ" ಅಂದರು. ಬಿದ್ದು ಬಿದ್ದು ನಕ್ಕೆವು. ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ.

ಆಮೇಲೆ ಅವರೇ ಮಲಗಿಸಿ ಎಬ್ಬಿಸುವ, ಸುತ್ತ ತಿರುಗಿಸುವ ಒಂದು ಸ್ಟ್ಯಾಂಡ್ ಮಾಡಿಸಿದರು. ದಾರಿಯಲ್ಲಿ ಡಿಶ್ ಮಲಗಿರಬೇಕು, ನಿಂತ ಕಡೆ ಏಳಬೇಕು. ಗಿರಾಕಿಗಳಿಗೆ ಪಾಠವೂ ಅವರದೇ: "ಬೆಳಿಗ್ಗೆ ಹತ್ತು ಗಂಟೆ ಬಿಸ್ಲಿಗೆ ಮುಖ ಕೊಟ್ಟು ನಿಂತ್ಕೊಳ್ಳಿ. ಅಲ್ಲಿಂದ ಒಂಚೂರು ಬಲಕ್ಕೆ. ಮುಂದೆ ಮರ, ಕಟ್ಟಡ ಇರಬಾರ್ದು. ಬಂಡಿ ಒಂದು ಪಕ್ಕಕ್ಕೆ ವಾಲಿರಬಾರ್ದು." ವ್ಯಾನ್ ಸಮವಾಗಿ ನಿಂತಿದೆಯೋ ಇಲ್ಲವೋ ನೋಡಲು ಗಾರೆಯವರ ರಸಮಟ್ಟವೊಂದನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದರು. ಅದರ ಗುಳ್ಳೆ ನಡುವೆ ನಿಲ್ಲುವ ತನಕ ಡಿಶ್ ಮುಟ್ಟುತ್ತಿರಲಿಲ್ಲ.

ಡಿಶ್ ತಿರುಗಿಸುವುದಕ್ಕೆ ಇಬ್ಬರು ಬೇಕು. ಅವರ ಕೈಯಲ್ಲಿ ಫೈಂಡರ್ ಅನ್ನುವ ಸಣ್ಣ ಡಬ್ಬಿ ಇರುತ್ತಿತ್ತು. ಸಿಗ್ನಲ್ ಸಿಕ್ಕಿದರೆ ಕುಂಯ್ ಅನ್ನುತ್ತದೆ. ಆದರೆ ಆ ಡಬ್ಬಿಗೆ ಎಲ್ಲ ಸ್ಯಾಟಲೈಟೂ ಒಂದೇ. ಸಿಕ್ಕಿದ್ದು ನಮ್ಮದೋ ಪಕ್ಕದ್ದೋ ಅಂತ ಹೇಳಬೇಕಾದದ್ದು ಒಳಗಿನ ಟಿವಿ. ಆ ಟಿವಿ ಮುಂದೆ ಕೂರುವ ಕೆಲಸ ನನ್ನದು. ಮೇಲಿಂದ "ಬಂತಾ?" ಅಂತ ಕೂಗುವರು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ "ಇಲ್ಲ... ಇಲ್ಲ... ಬಂತು, ಹೋಯ್ತು... ಬಂತು!" ಅನ್ನುವೆ. ಚಿಕ್ಕಂದಿನಲ್ಲಿ ಮನೆ ಮೇಲಿನ ಆಂಟೆನಾ ತಿರುಗಿಸಿದವರಿಗೆಲ್ಲ ಈ ಕೂಗಾಟ ಗೊತ್ತು. ಗಟ್ಟಿಯಾಗಿ "ಬಂತು" ಅಂದ ಕೂಡಲೇ ಅವರು ನಟ್ಟು ಬಿಗಿದು, ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ಡಿಶ್ಶಿಗೆ ಎರಡೂ ಕೈ ಜೋಡಿಸಿ ಒಂದು ಗಳಿಗೆ ನಿಲ್ಲುತ್ತಿದ್ದರು. ದೇವರಿಗಾ, ಸ್ಯಾಟಲೈಟಿಗಾ ಅಂತ ಕೇಳಿದರೆ, "ಮೇಲೆ ಯಾರು ಸಿಗ್ತಾರೋ ಅವರಿಗೆ" ಅನ್ನುತ್ತಿದ್ದರು.

ಒಂದು ದಿನ ವೆಲ್ಡರ್ ಹತ್ತಿರ ನಿಂತು, ವ್ಯಾನಿನ ಮೇಲ್ಛಾವಣಿಯ ಸುತ್ತ ಎರಡು ಇಂಚು ಎತ್ತರಕ್ಕೆ ಕಬ್ಬಿಣದ ಪಟ್ಟಿ ಕೂರಿಸಲು ಹೇಳುತ್ತಿದ್ದರು. ಲಗೇಜ್ ಜಾರಬಾರದು ಅಂತ ಕಾರಣ ಕೊಟ್ಟರು. ನಮ್ಮ ಕ್ಯಾರವಾನ್‌ಗಳ ಮೇಲೆ ಯಾರೂ ಲಗೇಜ್ ಹಾಕುತ್ತಿರಲಿಲ್ಲ. ಆದರೂ ಓನರ್‌ಗೆ ಅದು ನೋಡಲು ಗಟ್ಟಿಮುಟ್ಟಾಗಿ ಕಂಡು, ಅಲ್ಲಿಂದ ಮುಂದೆ ಎಲ್ಲ ಬಂಡಿಗಳಿಗೂ ಪಟ್ಟಿ ಬಂತು. ನಾನೂ ತಲೆ ಕೆಡಿಸಿಕೊಳ್ಳಲಿಲ್ಲ.

ಅದೇ ಸುಮಾರಿಗೆ ರಸಮಟ್ಟ ಅವರ ಜೇಬಿನಿಂದ ಕಾಣೆಯಾಯಿತು. ಬದಲಿಗೆ ಒಂದು ಸ್ಟೀಲ್ ತಟ್ಟೆ, ಒಂದು ಗೋಲಿ. ತಟ್ಟೆಯನ್ನು ಮೇಲಿಟ್ಟು, ಗೋಲಿ ಬಿಟ್ಟು, ಅದು ಯಾವ ಕಡೆ ಉರುಳುತ್ತದೆ ಅಂತ ಬೆರಳಲ್ಲಿ ಮುಟ್ಟಿ ನೋಡುತ್ತಿದ್ದರು. "ರಸಮಟ್ಟಕ್ಕಿಂತ ಇದೇ ವಾಸಿ" ಅಂದರು. ಫೋನ್ ಬಂದರೆ ನನ್ನ ಕೈಗೆ ಕೊಟ್ಟು "ಯಾರು ನೋಡಪ್ಪಾ, ಕನ್ನಡಕ ಬಿಟ್ ಬಂದ್ಬಿಟ್ಟಿದೀನಿ" ಅನ್ನುವರು. ಅವರು ಕನ್ನಡಕ ಹಾಕಿದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಟೀ ಬಗ್ಗಿಸಿಕೊಳ್ಳುವಾಗ ಲೋಟದೊಳಗೆ ಬೆರಳು ಇಳಿಬಿಟ್ಟಿರುತ್ತಿದ್ದರು. ಇಷ್ಟೆಲ್ಲ ಕಣ್ಣೆದುರಿಗೆ ಇದ್ದೂ ನನಗೆ ಅರ್ಥವಾಗಲಿಲ್ಲ. ದಿನಾ ನೋಡುವ ಮನುಷ್ಯನನ್ನು ನಾವು ನೋಡುವುದೇ ಇಲ್ಲ.

ಗೊತ್ತಾದದ್ದು ಹೀಗೆ. ಮಧ್ಯಾಹ್ನ ಊಟ ಮುಗಿದು ಎಲ್ಲರೂ ಅಡ್ಡಾಗಿದ್ದರು. ವೆಲ್ಡರ್ ತನ್ನ ಖಾಕಿ ಅಂಗಿಯನ್ನು ಮೊಳೆಗೆ ನೇತುಹಾಕಿ ಆಚೆ ಹೋಗಿದ್ದ. ಡಿಶ್ ಅಣ್ಣ ಆ ಅಂಗಿಯ ಮುಂದೆ ನಿಂತು, "ಆ ಹದಿಮೂರರ ಸ್ಪ್ಯಾನರ್ ಕೊಡಪ್ಪಾ" ಅಂತ ಕೈ ಚಾಚಿದರು. ಸ್ವಲ್ಪ ಹೊತ್ತು ಕಾದರು. "ಕಿವಿ ಕೇಳ್ಸಲ್ವೇನಯ್ಯಾ?" ಅಂತ ಗದರಿದರು. ನಾನು ಹಿಂದಿನಿಂದ ನಕ್ಕುಬಿಟ್ಟೆ, ತಮಾಷೆ ಮಾಡುತ್ತಿದ್ದಾರೆ ಅಂತ. ಅವರು ತಿರುಗಿದಾಗ ಮುಖದಲ್ಲಿ ತಮಾಷೆ ಇರಲಿಲ್ಲ.

ನನ್ನ ಕೈ ಹಿಡಿದುಕೊಂಡು ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದರು. ಹಿಡಿದಿದ್ದು ನನ್ನನ್ನು ಎಳೆದುಕೊಂಡು ಹೋಗುವುದಕ್ಕೋ ದಾರಿಗಾಗಿಯೋ, ಈಗ ಯೋಚಿಸಿದರೆ ಗೊತ್ತಾಗುವುದಿಲ್ಲ.

"ಸಕ್ಕರೆ ಕಾಯ್ಲೆ ಕಣಪ್ಪಾ. ಕಣ್ಣಿಗೆ ಇಳ್ದಿದೆ. ಎಡಗಣ್ಣು ಪೂರ್ತಿ ಹೋಯ್ತು. ಬಲಗಣ್ಣಲ್ಲಿ ಬೆಳಕು ಕಾಣುತ್ತೆ, ಆಕಾರ ಕಾಣುತ್ತೆ, ಅಷ್ಟೇಯ."

"ಡಾಕ್ಟ್ರು ಏನಂದ್ರಣ್ಣ?"

"ಉಳ್ದಿರೋದನ್ನ ಉಳಿಸ್ಕೋ ಅಂದ್ರು. ಇನ್ನೇನಂತಾರೆ."

"ಮತ್ತೆ ಮೇಲೆ ಹತ್ತೋದು?"

"ಮೇಲೆ ಏನಯ್ಯಾ ನೋಡೋಕಿರೋದು? ಫೈಂಡರ್ ಕಿವೀಗೆ ಕೇಳುತ್ತೆ. ಬಿಸ್ಲು ಮುಖಕ್ಕೆ ಗೊತ್ತಾಗುತ್ತೆ. ನಟ್ಟು ಕೈಗೆ ಸಿಗುತ್ತೆ. ಅಂಚು ಬಂದ್ರೆ ಪಟ್ಟಿ ಹಿಮ್ಮಡಿಗೆ ತಾಗುತ್ತೆ. ಅದಕ್ಕೇ ಹಾಕ್ಸಿದ್ದು. ಚಿತ್ರ ನೋಡೋಕೆ ನೀನಿದ್ದೀಯಲ್ಲಾ." ಆಮೇಲೆ ದನಿ ಇಳಿಸಿ, "ಯಾರ್ಗೂ ಹೇಳ್ಬೇಡ. ಕೆಳಗೆ ಇಳಿಸ್ಬಿಟ್ರೆ ಮನೇಲಿ ಗೋಡೆ ನೋಡ್ಕೊಂಡು ಕೂರ್ಬೇಕು. ಅದೂ ಕಾಣಲ್ಲ" ಅಂದರು.

ನಾನು ಹೇಳಲಿಲ್ಲ. ಒಂದೂವರೆ ವರ್ಷ ಹೇಳಲಿಲ್ಲ. ದೊಡ್ಡ ಮನಸ್ಸಿನಿಂದ ಅಂದರೆ ಸುಳ್ಳಾಗುತ್ತದೆ. ಅವರಷ್ಟು ಬೇಗ ಚಿತ್ರ ತರುವವರು ನಮ್ಮ ಕಡೆ ಇನ್ನೊಬ್ಬರಿರಲಿಲ್ಲ. ಅವರ ಜೋಡಿ ಅಂತ ನನಗೂ ಶೆಡ್ಡಿನಲ್ಲಿ ಒಂದು ಬೆಲೆ ಇತ್ತು. ಒಬ್ಬ ಗಿರಾಕಿ ತನಗೆ ತಾನೇ ಸ್ಯಾಟಲೈಟ್ ಹುಡುಕಿಕೊಳ್ಳುವ, ಗುಮ್ಮಟದಂಥ ಯಂತ್ರ ಹೊರದೇಶದಿಂದ ತರಿಸಿದ್ದ. ಓನರ್ ಇನ್ನು ಮುಂದೆ ಎಲ್ಲ ಬಂಡಿಗೂ ಇದೇ ಹಾಕೋಣವಾ ಅಂತ ಯೋಚಿಸುತ್ತಿದ್ದರು. ಪಂದ್ಯ ಇಟ್ಟೆವು. ಗುಮ್ಮಟ ಒಳಗೊಳಗೇ ಗುರುಗುಟ್ಟುತ್ತಾ ಸುತ್ತುತ್ತಲೇ ಇತ್ತು. ಪಕ್ಕದ ಬಂಡಿ ಮೇಲೆ ಇವರು ಹತ್ತಿದರು, ಮುಖ ಎತ್ತಿ ಬಿಸಿಲು ಹಿಡಿದರು, ತಿರುಗಿಸಿದರು. ನಾನು "ಬಂತು!" ಅಂದಾಗಲೂ ಗುಮ್ಮಟ ಹುಡುಕುತ್ತಲೇ ಇತ್ತು. ಓನರ್ ಚಪ್ಪಾಳೆ ಹೊಡೆದು, "ನೋಡ್ರೋ, ಹದ್ದಿನ ಕಣ್ಣು ಅಂದ್ರೆ ಇದು" ಅಂದರು. ಅವರು ಮೇಲೆ ನಿಂತು ಆಕಾಶಕ್ಕೆ ಮುಖ ಮಾಡಿ ನಗುತ್ತಿದ್ದರು. ಗುಟ್ಟು ಗೊತ್ತಿದ್ದೂ ಅವತ್ತು ಅವರ ಜೊತೆ ಬೀಗಿದವನು ನಾನು.

ಒಂದೇ ಒಂದು ಸಲ ಬುದ್ಧಿ ಹೇಳಲು ಹೋದೆ. "ಅಣ್ಣ, ನೀವು ಕೆಳಗೆ ನಿಂತು ಹೇಳಿ, ನಾನು ಹತ್ತಿ ತಿರುಗಿಸ್ತೀನಿ" ಅಂದೆ. ಅವರು ತಟ್ಟೆ ಗೋಲಿ ಎರಡನ್ನೂ ನೆಲಕ್ಕೆ ಕುಕ್ಕಿ ಹೋದರು. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ತಾವಾಗಿಯೇ "ಬಾರಪ್ಪಾ, ಕೂತ್ಕೊ ಟಿವಿ ಮುಂದೆ" ಅಂದರು. ನಾನು ಮತ್ತೆ ಆ ಮಾತು ಎತ್ತಲಿಲ್ಲ. ಬೇಸರವಾಯಿತು ಅಂತಲ್ಲ, ನಿಜ ಹೇಳಬೇಕೆಂದರೆ ನಿರಾಳವಾಯಿತು. ಹೇಳಿದ್ದೇನೆ, ಕೇಳಲಿಲ್ಲ, ನನ್ನ ಜವಾಬ್ದಾರಿ ಮುಗಿಯಿತು ಅಂದುಕೊಂಡೆ.

ದೇವನಹಳ್ಳಿ ಕಡೆಯ ಹೋಟೆಲಿನವರು ಒಂದು ಬಂಡಿಗೆ ಹೇಳಿದ್ದರು. ಅವರಿಗೆ ಛಾವಣಿ ನುಣ್ಣಗೆ ಇರಬೇಕು. ಸುತ್ತಲ ಪಟ್ಟಿ ನೋಡಿ, ಹಳೇ ಬಸ್ಸಿನ ಕ್ಯಾರಿಯರ್ ಥರ ಇದೆ, ತೆಗೆಸಿ ಅಂದರು. ತೆಗೆಸಿದೆವು. ಆ ವಾರ ಡಿಶ್ ಅಣ್ಣ ರಜದ ಮೇಲಿದ್ದರು. ಊರಲ್ಲಿ ಅವರ ದೊಡ್ಡಪ್ಪನ ಮಗನ ತಿಥಿ. ಛಾವಣಿಯ ಮೇಲೆ ಸೋಲಾರ್ ಪ್ಲೇಟಿನ ವೈರು ಎಳೆದವನು ನಾನೇ. ಪಟ್ಟಿ ಇದ್ದ ಜಾಗದಲ್ಲಿ ಹೊಸ ಬಣ್ಣ ಹೊಳೆಯುತ್ತಿದ್ದುದನ್ನು ನೋಡಿದ್ದೆ. ಅಣ್ಣ ಬಂದ ಕೂಡಲೇ ಹೇಳಬೇಕು ಅಂದುಕೊಂಡೂ ಇದ್ದೆ.

ಅವರು ಬಂದ ದಿನವೇ ಬಂಡಿ ಕೊಡುವ ದಿನ. ಬೆಳಿಗ್ಗೆ ಹತ್ತೂವರೆ ಇರಬಹುದು. ಹೋಟೆಲಿನವರು ಮೂವರು ಅಂಗಳದಲ್ಲಿ ನಿಂತಿದ್ದರು. ಓನರ್ ಇವರ ಹೆಗಲ ಮೇಲೆ ಕೈ ಹಾಕಿಕೊಂಡೇ ಕರೆದುಕೊಂಡು ಬಂದು, "ಇವರೇ ನೋಡಿ ನಮ್ಮ ಎಕ್ಸ್‌ಪರ್ಟು" ಅಂತ ತೋರಿಸುತ್ತಿದ್ದರು. ಅಷ್ಟು ಜನರ ಮುಂದೆ ನಾನು "ಅಣ್ಣ, ಈ ಬಂಡೀಗೆ ಪಟ್ಟಿ ಇಲ್ಲ, ಹುಷಾರು" ಅಂದರೆ ಓನರ್ ಯಾಕೆ ಅಂತ ಕೇಳುತ್ತಾರೆ. ಪಟ್ಟಿ ಇಲ್ಲದಿದ್ದರೆ ಏನಂತೆ, ಕಣ್ಣಿಲ್ಲವಾ ಅನ್ನುತ್ತಾರೆ. ಅವರನ್ನು ಒಂದು ಗಳಿಗೆ ಪಕ್ಕಕ್ಕೆ ಕರೆಯೋಣ ಅಂತ ಕಾಯುತ್ತಿದ್ದೆ. ಓನರ್ ನನ್ನ ಕಡೆ ತಿರುಗಿ, "ಏನಯ್ಯಾ ನಿಂತಿದ್ದೀಯ, ಒಳಗೆ ಹೋಗಿ ಟಿವಿ ಹಾಕು" ಅಂದರು. ಹೋದೆ.

ಒಳಗೆ ಹೋಗುವಷ್ಟರಲ್ಲಿ ತಲೆಯ ಮೇಲೆ ಅವರ ಹೆಜ್ಜೆ ಸದ್ದು. ಕಿಟಕಿಯಿಂದ ತಲೆ ಹಾಕಿ, "ಅಣ್ಣ, ಸ್ವಲ್ಪ ಹುಷಾರು" ಅಂದೆ. ಅಷ್ಟೇ ಅಂದದ್ದು. "ನಂಗೇ ಹೇಳ್ಕೊಡ್ತೀಯೇನೋ?" ಅಂತ ಮೇಲಿಂದ ನಗು ಕೇಳಿಸಿತು. ಹೋಟೆಲಿನವರೂ ನಕ್ಕರು.

"ಬಂತಾ?"

"ಇಲ್ಲ."

"ಈಗ?"

"ಇಲ್ಲಣ್ಣ... ಚೂರು ಬಂತು... ಹೋಯ್ತು..."

ಹೇಳಲು ಆಗಲೂ ಹೊತ್ತಿತ್ತು. ಟಿವಿಯಲ್ಲಿ ಚೌಕ ಚೌಕವಾಗಿದ್ದ ಮುಖವೊಂದು ಕೂಡಿಕೊಂಡು ಸ್ಪಷ್ಟವಾಯಿತು. ಯಾವುದೋ ಅಡುಗೆ ಕಾರ್ಯಕ್ರಮ. ಚಿತ್ರ ಕಂಡ ಖುಷಿಗೆ, ವರ್ಷಗಳ ಅಭ್ಯಾಸಕ್ಕೆ, ನನ್ನ ಬಾಯಿ ತಾನೇ ತೆರೆಯಿತು. "ಬಂತು!" ಅಂತ ಕೂಗಿದೆ. ನಟ್ಟು ಬಿಗಿದ ಸದ್ದು ಕೇಳಿಸಿತು. ಆಮೇಲೆ ಒಂದು ಹೆಜ್ಜೆ. ಇನ್ನೊಂದು ಹೆಜ್ಜೆ ಕೇಳಿಸಲಿಲ್ಲ.

ಅಂಗಳಕ್ಕೆ ಕಾಂಕ್ರೀಟ್ ಹಾಕಿತ್ತು. ಅವರು ಹಿಂದಕ್ಕೆ ಬಿದ್ದಿದ್ದರು, ತಲೆ ಮೊದಲು. ಹೊಸಕೋಟೆ ಆಸ್ಪತ್ರೆಗೆ ನಮ್ಮ ಓನರ್ ಕಾರಿನಲ್ಲೇ ಕರೆದುಕೊಂಡು ಹೋದೆವು. ತಲೆ ನನ್ನ ತೊಡೆಯ ಮೇಲಿತ್ತು. ಮಾತಿಲ್ಲ, ಉಸಿರು ಮಾತ್ರ ದಪ್ಪದಪ್ಪಗೆ ಬರುತ್ತಿತ್ತು. ಮೇಲ್ಸೇತುವೆ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಾಗ ಅದೂ ನಿಂತಿತು. ನಾನು ಓನರ್‌ಗೆ ಹೇಳಲಿಲ್ಲ. ಆಸ್ಪತ್ರೆಯವರೇ ಹೇಳಲಿ ಅಂತ ಸುಮ್ಮನೆ ಕೂತೆ. ಸುಮ್ಮನಿರುವುದು ನನಗೆ ಅಷ್ಟು ಹೊತ್ತಿಗೆ ಚೆನ್ನಾಗಿ ರೂಢಿಯಾಗಿತ್ತು.

ಕೆಲವು ದಿನಗಳ ಮೇಲೆ ವಿಮೆಯವರ ಕಡೆಯಿಂದ ಒಬ್ಬರು ವಿಚಾರಣೆಗೆ ಬಂದರು. ಮೆತ್ತಗೆ ಮಾತಾಡುವ ಮನುಷ್ಯ. ಎಲ್ಲರನ್ನೂ ಒಬ್ಬೊಬ್ಬರಾಗಿ ಕೇಳಿದರು. ನನ್ನ ಸರದಿ ಬಂದಾಗ, "ಕಣ್ಣಿನ ತೊಂದರೆ ಏನಾದ್ರೂ ಇತ್ತಾ ಅವರಿಗೆ? ಇದ್ದದ್ದನ್ನ ಮುಚ್ಚಿಟ್ಟು ಮೇಲೆ ಹತ್ತಿದ್ರು ಅಂತಾದ್ರೆ ಮನೆಯವರಿಗೆ ಏನೂ ಬರಲ್ಲ, ಅದಕ್ಕೇ ಕೇಳ್ತಿದೀನಿ" ಅಂದರು.

"ಇಲ್ಲ ಸಾರ್. ಹದ್ದಿನ ಕಣ್ಣು. ಬೇಕಾದ್ರೆ ನಮ್ಮ ಓನರ್‌ನೇ ಕೇಳಿ" ಅಂದೆ.

ಓನರ್ ಹೌದು ಅಂದರು. ಪಾಪ, ಅವರು ನಂಬಿಯೇ ಅಂದದ್ದು. ಡಿಶ್ ಅಣ್ಣನ ಮನೆಗೆ ಬರಬೇಕಾದ ಹಣ ಬಂತು. ಆ ಸುಳ್ಳಿಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಪಶ್ಚಾತ್ತಾಪ ಇರುವುದು ಅದರ ಹಿಂದಿನದಕ್ಕೆ, ಮತ್ತು ಅದರ ಮುಂದಿನದಕ್ಕೆ.

ಮುಂದಿನದು ಏನೆಂದರೆ, ಅಣ್ಣನ ತಿಥಿಯ ದಿನ ಅವರ ಊರಿಗೆ ಹೋಗಿದ್ದೆ. ಊಟ ಮುಗಿದು, ಜನ ಕರಗಿ, ಶಾಮಿಯಾನ ಬಿಚ್ಚುತ್ತಿದ್ದರು. ಅವರ ಹೆಂಡತಿ ನನ್ನನ್ನು ಹಿತ್ತಲ ಜಗಲಿಗೆ ಕರೆದರು. ನಾನು ಅವರನ್ನು ಅಕ್ಕ ಅನ್ನುತ್ತೇನೆ. ಅಳು ಎಲ್ಲ ಮುಗಿದು ಮುಖ ಒಣಗಿತ್ತು.

"ಒಂದು ಮಾತು ಕೇಳ್ತೀನಿ ಕಣಪ್ಪಾ. ಅವ್ರಿಗೆ ಕಣ್ಣು ಕಾಣ್ತಿರ್ಲಿಲ್ಲ. ನಿಂಗೇನಾದ್ರೂ ಗೊತ್ತಿತ್ತಾ?"

ಅಲ್ಲಿ ವಿಮೆಯವರು ಇರಲಿಲ್ಲ. ಓನರ್ ಇರಲಿಲ್ಲ. ನಿಜ ಹೇಳಿದ್ದರೆ ಯಾರಿಗೂ ಏನೂ ನಷ್ಟವಿರಲಿಲ್ಲ. ಆದರೂ, "ಇಲ್ಲಕ್ಕ. ನಂಗೆ ಗೊತ್ತಿರ್ಲಿಲ್ಲ" ಅಂದೆ.

ಅವರು ತಲೆಯಾಡಿಸಿದರು. "ಅದೇ ಅಂದ್ಕೊಂಡೆ. ಗೊತ್ತಿದ್ರೆ ನೀನು ಮೇಲೆ ಹತ್ತೋಕೆ ಬಿಡ್ತಿದ್ಯಾ? ತಮ್ಮನ ಥರ ನೋಡ್ಕೊಂಡಿದ್ರು ನಿನ್ನ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದರು. "ನಂಗೊಬ್ಳಿಗೇ ಗೊತ್ತಿದ್ದಿದ್ದು. ದಿನಾ ಬೆಳಿಗ್ಗೆ ಬಸ್ ಸ್ಟಾಪ್‌ವರ್ಗೂ ಕೈ ಹಿಡ್ಕೊಂಡು ಹೋಗಿ ಹತ್ತಿಸ್ಬಿಟ್ ಬರ್ತಿದ್ದೆ. ಮನೇಲಿ ಕೂರ್ಸಿದ್ರೆ ಸತ್ತೋಗ್ತೀನಿ ಕಣೇ ಅಂದ್ರು, ಸುಮ್ಮನಾದೆ. ನಿಮ್ಮ ಓನರ್‌ಗೆ ಒಂದು ಫೋನ್ ಮಾಡಿ ಒಂದು ಮಾತು ಹೇಳಿದ್ರೆ ಬದುಕಿರೋರು. ಲೋಕದಲ್ಲಿ ನಂಗೊಬ್ಳಿಗೇ ಗೊತ್ತಿತ್ತು, ನಾನೇ ಹೇಳ್ಲಿಲ್ಲ. ನಾನೇ ಕೊಂದಂಗಾಯ್ತಲ್ಲಪ್ಪಾ."

"ಹಾಗೆಲ್ಲ ಅನ್ಬೇಡಿ ಅಕ್ಕ" ಅಂದೆ. ಅವರು ಕೊಟ್ಟ ಎಲೆ ಅಡಿಕೆ ತೆಗೆದುಕೊಂಡೆ. ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಬಂದೆ.

ಆಮೇಲೆ ಎರಡು ಸಲ ಹೋಗಿದ್ದೇನೆ. ಇಬ್ಬರಿಗೆ ಗೊತ್ತಿತ್ತಕ್ಕ, ಇನ್ನೊಬ್ಬ ನಾನು ಅಂತ ಹೇಳಬೇಕು ಅಂತಲೇ ಹೋಗಿದ್ದು. ಎರಡು ಸಲವೂ ಕಾಫಿ ಕುಡಿದು ಬಂದೆ. ಅವರು ಈಗ ಅರ್ಧ ಆಗಿದ್ದಾರೆ. ಯಾರು ಬಂದರೂ ಅದೇ ಮಾತು, ನಂಗೊಬ್ಳಿಗೇ ಗೊತ್ತಿತ್ತು, ನಾನೇ ಹೇಳ್ಲಿಲ್ಲ ಅಂತ. ಅವರಿಗೆ ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಇದನ್ನೆಲ್ಲ ಬರೆದಿದ್ದೇನೆ.